ನೂರ ಐವತ್ತೇಳನೇ ಅರ್ಜಿ

ಸುಳ್ಳು ಹೇಳುವವರಿಗೆ ಜ್ಞಾಪಕಶಕ್ತಿ ಚೆನ್ನಾಗಿರಬೇಕು ಎನ್ನುತ್ತಾರೆ. ನಮ್ಮ ಡಿಗ್ರಿಯವರಿಗೆ ಆ ತಾಪತ್ರಯ ಇರಲಿಲ್ಲ. ಅವರು ತಮ್ಮ ಆಯುಸ್ಸಿನಲ್ಲಿ ಹೇಳಿದ್ದು ಒಂದೇ ಒಂದು ಸುಳ್ಳು. ಅದನ್ನೇ ಇಪ್ಪತ್ತನಾಲ್ಕು ವರ್ಷ ಹೇಳಿಕೊಂಡು ಬಂದಿದ್ದರಿಂದ ಮರೆಯುವ ಪ್ರಶ್ನೆಯೇ ಏಳಲಿಲ್ಲ. ತಾವು ಬಿ.ಎ. ಪಾಸಾಗಿದ್ದೇವೆ ಎಂಬುದೇ ಆ ಸುಳ್ಳು. ಹಾಗೆ ನೋಡಿದರೆ ಅದು ಪೂರ್ತಿ ಸುಳ್ಳೂ ಅಲ್ಲ. ಒಂದು ಪೇಪರು ಬಿಟ್ಟು ಉಳಿದ ಎಲ್ಲದರಲ್ಲೂ ಪಾಸಾಗಿದ್ದರು.

ಆ ಒಂದು ಪೇಪರಿನ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಹೆಂಡತಿಗೆ ಗೊತ್ತಿರಲಿಲ್ಲ. ಹೆಣ್ಣು ಕೊಟ್ಟ ಮಾವನಿಗಂತೂ ಗೊತ್ತಾಗುವ ಹಾಗೇ ಇರಲಿಲ್ಲ, ಏಕೆಂದರೆ ನಿವೃತ್ತ ಹೆಡ್‌ಮಾಸ್ತರರಾದ ಅವರು "ಪದವೀಧರ ಅಳಿಯನೇ ಬೇಕು" ಎಂದು ಹಟ ಹಿಡಿದು ಮೂರು ಒಳ್ಳೆಯ ಸಂಬಂಧಗಳನ್ನು ತಳ್ಳಿಹಾಕಿ ಈ ನಾಲ್ಕನೆಯದಕ್ಕೆ ಒಪ್ಪಿದ್ದರು. ಬಾಗಿಲ ಮೇಲಿನ ಫಲಕದಲ್ಲಿ ಹೆಸರಿಗಿಂತ ಬಿ.ಎ. ಅಕ್ಷರಗಳೇ ದೊಡ್ಡವು. ಬೀದಿಯವರೆಲ್ಲ ಅವರನ್ನು ಡಿಗ್ರಿಯವರೇ ಎಂದು ಕರೆದು ಕರೆದು, ಕೊನೆಗೆ ಹಾಲಿನವನು ಕೂಡ ಲೆಕ್ಕದ ಪುಸ್ತಕದಲ್ಲಿ ಹಾಗೇ ಬರೆದುಕೊಂಡಿದ್ದ.

ಇಂಥವರ ಮನೆಯಲ್ಲಿ, ಡಿಗ್ರಿಯ ಕೊನೆಯ ವರ್ಷದಲ್ಲಿದ್ದ ಮಗಳು ಹೋದ ತಿಂಗಳು ಒಂದು ಪೇಪರಿನಲ್ಲಿ ಫೇಲಾಗಿ ಬಂದಳು. ಡಿಗ್ರಿಯವರು ಹೇಗೆ ಸುಮ್ಮನಿದ್ದಾರು? ಊಟದ ತಟ್ಟೆ ಮುಂದಿಟ್ಟುಕೊಂಡು ಮುಕ್ಕಾಲು ಗಂಟೆ ಉಪದೇಶ ಮಾಡಿದರು. "ನಮ್ಮ ವಂಶದಲ್ಲಿ ಯಾರಾದ್ರೂ ಫೇಲಾಗಿದ್ದುಂಟಾ? ನನ್ನ ನೋಡು. ನಿಮ್ಮ ತಾತನ್ನ ನೋಡು!" ಎಂದರು. ಮಗಳು ಅವರ ಜೊತೆಯಲ್ಲೇ ಇದ್ದ ಹೆಡ್‌ಮಾಸ್ತರ್ ತಾತನನ್ನು ನೋಡಿದಳು, ಅಪ್ಪನನ್ನು ನೋಡಿದಳು, ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದಿನಿಂದ ಪುಸ್ತಕ ಮುಟ್ಟಿರಲಿಲ್ಲ. ಮತ್ತೆ ಪರೀಕ್ಷೆಗೆ ಕಟ್ಟುವುದೇ ಇಲ್ಲ ಎಂದು ಅಮ್ಮನ ಮೂಲಕ ಹೇಳಿ ಕಳಿಸಿದ್ದಳು. ಡಿಗ್ರಿಯವರಿಗೆ ಒಳಗೊಳಗೇ ಕರುಳು ಚುರುಕ್ ಎನ್ನುತ್ತಿತ್ತು. ಆದರೆ ಹತ್ತಿದ ಮರದಿಂದ ಇಳಿಯುವ ದಾರಿ ತಿಳಿಯುತ್ತಿರಲಿಲ್ಲ.

ಅವರು ಕೆಲಸ ಮಾಡುತ್ತಿದ್ದದ್ದು ನೀರೆತ್ತುವ ಪಂಪು ತಯಾರಿಸುವ ಒಂದು ಕಾರ್ಖಾನೆಯ ಹಾಜರಿ ವಿಭಾಗದಲ್ಲಿ. ಆ ಕಾರ್ಖಾನೆಗೆ ಆಗ ಒಂದು ಗ್ರಹಚಾರ ಬಡಿದಿತ್ತು. ಹೊಸ ಮಾದರಿಯ ಪಂಪುಗಳು ರಾಶಿ ರಾಶಿ ವಾಪಸು ಬರುತ್ತಿದ್ದವು. ಪಂಪಿನಲ್ಲಿ ಐಬಿರಲಿಲ್ಲ, ಆದರೆ ಅದರ ಸ್ವಿಚ್ಚು ಯಾರ ಕೈಗೂ ಎಟುಕುತ್ತಿರಲಿಲ್ಲ. ತನಿಖೆ ಮಾಡಿದಾಗ ತಿಳಿದದ್ದು ಇಷ್ಟು: ಹದಿನೈದು ವರ್ಷದಿಂದ ಕಾರ್ಖಾನೆ ಹೊಸ ಹುಡುಗರನ್ನು ಒಂದೇ ಕಾಲೇಜಿನ ಒಂದೇ ಹಾಸ್ಟೆಲಿನಿಂದ ಆರಿಸುತ್ತಿತ್ತು, ಆ ಹಾಸ್ಟೆಲಿಗೆ ಸೇರಿಸಿಕೊಳ್ಳುತ್ತಿದ್ದದ್ದು ಬರೀ ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು. ವಿನ್ಯಾಸ ವಿಭಾಗದಲ್ಲಿ ಆರಡಿಗಿಂತ ಕುಳ್ಳಗಿದ್ದದ್ದು ಗೋಡೆ ಗಡಿಯಾರ ಒಂದೇ.

ನಿರ್ದೇಶಕರು ಮೇಜು ಗುದ್ದಿದರು. "ಇನ್ಮೇಲೆ ಎಲ್ಲ ಥರದ ವಿದ್ಯಾರ್ಥಿಗಳೂ ಬರ್ಬೇಕು. ಹುಡುಗೀರು, ಹಳ್ಳಿಯವರು, ಕಣ್ಣು ಕಾಣದವರು, ಗಾಲಿಕುರ್ಚೀಲಿ ಓಡಾಡೋರು, ಮನೇಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದೋರು, ಎಲ್ರೂ! ಇದಕ್ಕೊಬ್ಬ ವಿಶೇಷಾಧಿಕಾರಿ ಬೇಕು. ಪದವೀಧರರಾಗಿರ್ಬೇಕು. ಡಿಗ್ರಿಯವ್ರೇ, ನೀವೇ ಸರಿ. ಪದವಿ ಇದೆಯಲ್ಲ?"

ಡಿಗ್ರಿಯವರು ಕೆಮ್ಮಿದರು. ನಿರ್ದೇಶಕರು ಅದನ್ನು ಹೌದು ಎಂದು ತಿಳಿದರು. ಮೊದಲು ಈ ಆಯ್ಕೆಯ ಕಾರ್ಯಕ್ರಮ ಮುಗಿಯಲಿ, ಆಮೇಲೆ ಹುದ್ದೆ ಕಾಯಂ ಎಂದು ತೀರ್ಮಾನವಾಯಿತು.

ಅಲ್ಪನಿಗೆ ಐಶ್ವರ್ಯ ಬಂದರೆ ಏನಾಗುತ್ತದೆಂದು ಗಾದೆಯೇ ಇದೆ. ಆದರೆ ಡಿಗ್ರಿಯವರ ವಿಷಯದಲ್ಲಿ ಪೂರ್ತಿ ಹಾಗಾಗಲಿಲ್ಲ ಎಂದು ಒಪ್ಪಿಕೊಳ್ಳಲೇಬೇಕು. ಮನುಷ್ಯ ಬೆವರು ಸುರಿಸಿ ದುಡಿದ. ಅವರದೊಂದು ಸಿದ್ಧಾಂತ: ಇನ್ನೊಬ್ಬರಿಗೆ ಹೇಳುವ ಮೊದಲು ತಾನೇ ಮಾಡಿ ನೋಡಬೇಕು. ಗಾಲಿಕುರ್ಚಿಯಲ್ಲಿ ಕೂತು, ಅರ್ಜಿ ಕರೆಯಬೇಕಿದ್ದ ವಿಶ್ವವಿದ್ಯಾಲಯವನ್ನೆಲ್ಲ ಸುತ್ತಲು ಹೋಗಿ ಸಂದರ್ಶನದ ಕೋಣೆಯ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡರು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಬಡಗಿ ಬಂದು ಚೌಕಟ್ಟು ಕಿತ್ತು ಅವರನ್ನು ಬಿಡಿಸಿದ. ಆ ಬಾಗಿಲು ಅಂದೇ ಅಗಲವಾಯಿತು. ಇಷ್ಟು ವರ್ಷ ಅಲ್ಲಿಂದ ಹಿಂದಿರುಗುತ್ತಿದ್ದವರು ಎಷ್ಟು ಜನವೋ ಎಂದು ನೆನೆದು ಅವರಿಗೆ ಆ ರಾತ್ರಿ ಊಟ ಸೇರಲಿಲ್ಲ.

ಎರಡನೆಯದು ಅರ್ಜಿ ನಮೂನೆ. ಅದರಲ್ಲಿ ವಯಸ್ಸಿಲ್ಲ, ಫೋಟೋ ಇಲ್ಲ, ಕಾಲೇಜಿನ ಹೆಸರಿಲ್ಲ, ಗಂಡೋ ಹೆಣ್ಣೋ ಅದೂ ಇಲ್ಲ. ಹೆಸರು, ವಿಳಾಸದ ಮೇಲೆ ಕಪ್ಪು ಕಾಗದದ ಚೀಟಿ ಅಂಟಿಸಬೇಕು. ಅಕ್ಷರ ನೋಡಿ ಮರುಳಾಗಬಾರದೆಂದು ಉತ್ತರಗಳನ್ನೆಲ್ಲ ಟೈಪು ಮಾಡಿಸಬೇಕು. ಎಲ್ಲಕ್ಕಿಂತ ದೊಡ್ಡ ಅಂಕಣ ಕೊನೆಯದು: 'ಓದಿನಲ್ಲಿ ಎಡವಿದ್ದುಂಟೇ? ಏಕೆ? ನಿಜ ಬರೆಯಿರಿ. ಎಡವಿದ ಕಾರಣಕ್ಕೆ ಯಾರನ್ನೂ ಕೈಬಿಡುವುದಿಲ್ಲ.'

ವಿಶ್ವವಿದ್ಯಾಲಯದ ಉದ್ಯೋಗ ವಿಭಾಗದ ಮೇಡಂ ಇದನ್ನು ಓದಿ, "ತುಂಬಿ ತೋರಿಸಿದ ಒಂದು ಅರ್ಜಿ ಬೋರ್ಡಿಗೆ ಹಾಕಿ ಸಾರ್, ಮಕ್ಕಳಿಗೆ ಧೈರ್ಯ ಬರುತ್ತೆ" ಎಂದರು. ಡಿಗ್ರಿಯವರು ಒಬ್ಬ ಬಡ ವಿದ್ಯಾರ್ಥಿಯನ್ನು ಕಲ್ಪಿಸಲು ಕೂತರು. ಒಂದು ಗಂಟೆ ಕೂತರೂ ವಿದ್ಯಾರ್ಥಿ ಹುಟ್ಟಲಿಲ್ಲ. ಪಾಪ, ಅವರ ಕಲ್ಪನಾಶಕ್ತಿಯೆಲ್ಲ ಆ ಒಂದು ಸುಳ್ಳಿಗೇ ಖರ್ಚಾಗಿ ಹೋಗಿತ್ತು. ಕೊನೆಗೆ ಬೇರೆ ದಾರಿ ಕಾಣದೆ ತಮ್ಮದನ್ನೇ ಬರೆದರು. ಬರೆಯಲು ತೊಡಗಿದ ಮೇಲೆ ಪೆನ್ನು ನಿಲ್ಲಲಿಲ್ಲ. ನಿಯಮದಂತೆ ಅದನ್ನು ತಾವೇ ಕೂತು ಟೈಪು ಮಾಡಿದರು. ಕಪ್ಪು ಚೀಟಿಯ ಆಚೆ ಅಕ್ಷರ ಕಾಣುತ್ತದೋ ಇಲ್ಲವೋ ನೋಡೋಣವೆಂದು ಹೆಸರು, ಮನೆ ವಿಳಾಸ ಸಹ ನಿಜವಾದದ್ದೇ ಬರೆದು ಚೀಟಿ ಅಂಟಿಸಿದರು. ಕಾಣಲಿಲ್ಲ. ಸಂತೋಷದಿಂದ ಬೋರ್ಡಿಗೆ ಚುಚ್ಚಿ ಬಂದರು. ಇದು ಮಾದರಿ ಅರ್ಜಿ ಎಂದು ಮೇಲೆ ಬರೆಯುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಸರಿಯಾಗಿ ಮಾಡಿದ್ದರು.

ಕೊನೆಯ ದಿನ ಬೋರ್ಡು ಖಾಲಿ ಮಾಡಲು ಬಂದ ಜವಾನ ಅದನ್ನು ನೋಡಿದ. "ಯಾವನೋ ಪಾಪದ ಹುಡುಗ, ಪೆಟ್ಟಿಗೆ ಯಾವುದು ಅಂತ ತಿಳೀದೆ ಇಲ್ಲಿ ಚುಚ್ಚಿ ಹೋಗಿದ್ದಾನೆ" ಎಂದುಕೊಂಡು ಅರ್ಜಿಗಳ ಪೆಟ್ಟಿಗೆಗೆ ಹಾಕಿದ. ಒಳ್ಳೆಯ ಮನುಷ್ಯ. ಲೋಕದಲ್ಲಿ ಅನಾಹುತಗಳು ಬಹಳಷ್ಟು ಸಲ ಒಳ್ಳೆಯವರ ಕೈಯಿಂದಲೇ ಆಗುತ್ತವೆ.

ಬಂದದ್ದು ಮುನ್ನೂರ ಹನ್ನೆರಡು ಅರ್ಜಿ, ಇದ್ದದ್ದು ತರಬೇತಿಯ ಏಳು ಜಾಗ. ಚೀಟಿ ಸರಿಯಾಗಿದೆಯೇ ಎಂದು ತಡವಿ ನೋಡಿ ನಂಬರು ಒತ್ತುವ ಕೆಲಸ ಡಿಗ್ರಿಯವರದು. ಪಕ್ಷಪಾತದ ನೆರಳೂ ಸುಳಿಯಬಾರದೆಂದು ಅವರು ಚಾವಣಿ ನೋಡುತ್ತಾ ಒತ್ತಿದರು. ಮೂರು ನಂಬರು ಮೇಜಿಗೆ ಬಿದ್ದವು, ಒಂದು ತಮ್ಮ ಹೆಬ್ಬೆರಳಿಗೆ ಬಿತ್ತು. ಮಾದರಿ ಅರ್ಜಿಗೆ ಬಿದ್ದದ್ದು ನೂರ ಐವತ್ತೇಳು. ನಂಬರು ಒತ್ತಿದವನು ಆಯ್ಕೆಯಲ್ಲಿ ಕೂರಬಾರದೆಂಬ ನಿಯಮವನ್ನೂ ಅವರೇ ಮಾಡಿದ್ದರು. ಆದ್ದರಿಂದ ನಿರ್ದೇಶಕರು, ಮೇಡಂ, ಯಂತ್ರಶಾಲೆಯ ಫೋರ್‌ಮನ್ ಮೂವರೇ ಬಾಗಿಲು ಹಾಕಿಕೊಂಡು ಎರಡು ದಿನ ಓದಿದರು.

ಎರಡನೇ ದಿನ ಸಂಜೆ ನಿರ್ದೇಶಕರು ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದರು. "ಡಿಗ್ರಿಯವ್ರೇ, ನೂರ ಐವತ್ತೇಳು ಅಂತ ಒಂದಿದೆ. ಎಂಥಾ ಮಗು ಕಣ್ರೀ! ಅದೇ ಮೊದಲನೇ ಸ್ಥಾನ."

ಡಿಗ್ರಿಯವರ ಕಣ್ಣಲ್ಲೂ ನೀರು ಬಂತು. "ಅಂಥೋರನ್ನ ಬಿಡಬಾರದು ಸಾರ್. ನಾವೇ ಮನೆಗೆ ಹೋಗಿ ಬೀದಿಯವರೆದುರಿಗೆ ಆದೇಶ ಪತ್ರ ಕೊಡೋಣ. ಹೆಸರು ಹೊಸಿಲ ಹತ್ರ ಹೋದ ಮೇಲೇ ಓದೋಣ. ಅಲ್ಲಿವರೆಗೂ ಗುಟ್ಟು!"

ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಭಾನುವಾರ ಬೆಳಿಗ್ಗೆ ಕಾರ್ಖಾನೆಯ ವ್ಯಾನು ಹೊರಟಿತು. ನಿರ್ದೇಶಕರು, ಮೇಡಂ, ಫೋರ್‌ಮನ್, ಪತ್ರಿಕೆಯ ಒಬ್ಬ ಫೋಟೋಗ್ರಾಫರ್, ಹಿಂದಿನ ಸೀಟಿನಲ್ಲಿ ಇಸ್ತ್ರಿ ಹಾಕಿದ ಶರ್ಟಿನ ಡಿಗ್ರಿಯವರು. ಜವಾನ ಕಪ್ಪು ಚೀಟಿ ಬಿಡಿಸಿ ಬರೆದುಕೊಟ್ಟ ವಿಳಾಸ ಡ್ರೈವರನ ಕೈಯಲ್ಲಿತ್ತು, ಹೆಸರಿದ್ದ ಮುಚ್ಚಿದ ಲಕೋಟೆ ಮೇಡಂ ಮಡಿಲಲ್ಲಿತ್ತು. ವ್ಯಾನು ಸೇತುವೆ ದಾಟಿ ಎಡಕ್ಕೆ ತಿರುಗಿತು.

"ಇದೇನ್ ಸಾರ್, ನಮ್ಮ ಕಡೆಗೇ ಹೋಗ್ತಿದೆ!" ಎಂದರು ಡಿಗ್ರಿಯವರು. ಮತ್ತೆ ಬಲಕ್ಕೆ ತಿರುಗಿತು. "ಅಯ್ಯೋ, ನಮ್ಮ ಬೀದಿ! ನಮ್ಮ ಬೀದಿ ಮಗು ಸಾರ್!" ಕೂತಲ್ಲೇ ಎರಡು ಸಲ ನೆಗೆದು ತಲೆ ತಗಡಿಗೆ ಹೊಡೆಸಿಕೊಂಡು ಹೆಂಡತಿಗೆ ಫೋನು ಹಚ್ಚಿದರು. "ಕೇಳಿಲ್ಲಿ, ಎಲ್ಲರನ್ನೂ ಆಚೆ ಕರಿ. ಮಾವನವರಿಗೂ ಹೇಳು. ಅವಳನ್ನೂ ಕೋಣೆಯಿಂದ ಎಬ್ಬಿಸು. ಬಂದು ನೋಡ್ಲಿ, ಕಲೀಲಿ!"

ಹೀಗೆ ತಮ್ಮ ಮರ್ಯಾದೆಯ ಹರಾಜಿಗೆ ತಾವೇ ಡಂಗುರ ಸಾರಿಸಿದ ಮೇಲೆ, ವ್ಯಾನು ಬೀದಿಯೊಳಗೆ ನುಗ್ಗಿತು.

ಇಡೀ ಬೀದಿ ಹೊರಗೆ ನಿಂತಿತ್ತು. ಟೈಲರ್ ತನ್ನ ಮಗನ ತಲೆ ಬಾಚಿ ಮೆಟ್ಟಿಲ ಮೇಲೆ ನಿಲ್ಲಿಸಿದ್ದ. ವ್ಯಾನು ಅಲ್ಲಿ ನಿಧಾನವಾಯಿತು. ಟೈಲರ್ ಎದೆ ಉಬ್ಬಿಸಿದ. ವ್ಯಾನು ಮುಂದೆ ಹೋಯಿತು. ಟೈಲರ್ ಮಗನ ಕಡೆ ನೋಡಿದ ನೋಟವನ್ನು ಬರೆಯದಿರುವುದೇ ಒಳ್ಳೆಯದು. ಇನ್ನೂ ನಾಲ್ಕು ಮನೆ ದಾಟಿ ವ್ಯಾನು ನಿಂತಿತು.

"ಮುಂದೆ ಹೋಗಪ್ಪಾ" ಎಂದರು ಡಿಗ್ರಿಯವರು. "ಇದು ನಮ್ಮನೆ. ಟೀ ಆಮೇಲೆ ಕುಡಿಯೋಣ."

"ಅಡ್ರೆಸ್ ಇದೇ ಸಾರ್" ಎಂದ ಡ್ರೈವರ್.

"ಇದೇ ಅಂದ್ರೆ?"

"ಇದೇ ಅಂದ್ರೆ ಇದೇ."

ಮೊದಲು ಬಾಯಿ ಬಂದದ್ದು ನಿರ್ದೇಶಕರಿಗೆ. "ಮಗಳಾ! ಡಿಗ್ರಿಯವ್ರೇ, ನಿಮ್ಮ ಮಗಳೇನ್ರೀ ಅದು!" ಎಂದು ಅವರ ಕೈ ಹಿಡಿದು ಕುಲುಕಿದರು. ಎರಡನೆಯದಾಗಿ ಬಾಯಿ ಬಂದದ್ದು ಫೋರ್‌ಮನ್‌ಗೆ. ಅವರ ಬಾಯಿ ಮೊದಲೇ ಒಳ್ಳೆಯದಲ್ಲ. "ಓಹೋ! ಚೀಟಿ ತಡವಿ ನೋಡಿದ್ದು ಇವರೇ, ನಂಬರು ಒತ್ತಿದ್ದೂ ಇವರೇ, ಮೊದಲನೇ ಸ್ಥಾನ ಇವರ ಮಗಳಿಗೇ. ಎಲ್ಲರಿಗೂ ಬಾಗಿಲು ಅಂದ್ರೆ ಇವರ ಮನೆ ಬಾಗಿಲು ಅಂತ ನಮಗೆ ಗೊತ್ತಾಗಲಿಲ್ಲ ನೋಡಿ!"

ಡಿಗ್ರಿಯವರು ಎರಡೂ ಕೈ ಎತ್ತಿದರು. "ಆಣೆ ಮಾಡಿ ಹೇಳ್ತೀನಿ, ಅವಳಿಗೆ ಈ ಕಾರ್ಯಕ್ರಮ ಇರೋದೇ ಗೊತ್ತಿಲ್ಲ. ಅವಳು ಒಂದು ಪೇಪರಲ್ಲಿ ಫೇಲಾಗಿ ಮನೇಲಿ ಕೂತಿದ್ದಾಳೆ!"

"ಒಂದು ಪೇಪರು ಫೇಲ್" ಎಂದು ಮೇಡಂ ನಿಧಾನವಾಗಿ ತಲೆಯಾಡಿಸಿದರು. "ಅರ್ಜೀಲೂ ಅದೇ ಇದೆ ಸಾರ್."

ಅಲ್ಲಿಗೆ ಮುಗಿಯಿತು. ಎಲ್ಲರೂ ಕೆಳಗಿಳಿದರು. ಮೆಟ್ಟಿಲ ಮೇಲೆ ಮಾವನವರು ಕೋಟು ತೊಟ್ಟು ನಿಂತಿದ್ದರು, ಪಕ್ಕದಲ್ಲಿ ಹೆಂಡತಿ, ಹಿಂದೆ ನಿದ್ದೆಗಣ್ಣಿನ ಮಗಳು. ಫೋಟೋಗ್ರಾಫರ್ ಅವಳ ಮುಖಕ್ಕೇ ಕ್ಯಾಮೆರಾ ಹಿಡಿದ. ನಿರ್ದೇಶಕರು ಅಭಿನಂದನೆ ಎಂದರು. ಮಗಳು ಯಾವುದಕ್ಕೆ ಎಂದಳು.

"ನಿನ್ನ ಅರ್ಜಿ ಮೊದಲನೇದಾಗಿ ಬಂದಿದೆಯಮ್ಮ."

"ನಾನು ಯಾವ ಅರ್ಜೀನೂ ಹಾಕಿಲ್ಲವಲ್ಲ."

"ನೋಡಿದ್ರಾ? ಚೆನ್ನಾಗಿ ಹೇಳಿಕೊಟ್ಟಿದ್ದಾರೆ" ಎಂದರು ಫೋರ್‌ಮನ್ ಬೀದಿಗೆಲ್ಲ ಕೇಳುವಂತೆ.

ನಿರ್ದೇಶಕರ ಮುಖ ಸಣ್ಣಗಾಯಿತು. ಜೇಬಿನಿಂದ ಟೈಪು ಮಾಡಿದ ಹಾಳೆ ತೆಗೆದು ಓದತೊಡಗಿದರು. "'ನಮ್ಮ ಮನೆಯಲ್ಲಿ ಕಾಲೇಜು ಕಂಡವರು ನಾನೇ ಮೊದಲು. ಕೊನೆಯ ಪರೀಕ್ಷೆಯ ದಿನ ತಂದೆಗೆ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿ ಓಡಿ ಹೋಗುವಷ್ಟರಲ್ಲಿ ಬಾಗಿಲು ಹಾಕಿದ್ದರು. ಹದಿನೈದು ನಿಮಿಷ ತಡ. ಆಸ್ಪತ್ರೆಗೆ ವಾಪಸು ಬಂದಾಗ ಅಪ್ಪ ಹಾಸಿಗೆಯಿಂದಲೇ, ಚೆನ್ನಾಗಿ ಬರೆದೆಯಾ ಎಂದು ಕೇಳಿದರು. ಚೆನ್ನಾಗಿ ಬರೆದೆ ಎಂದೆ...' ಇದನ್ನ ನೀನಲ್ವೇನಮ್ಮ ಬರೆದದ್ದು?"

"ಅಲ್ಲ! ನಮ್ಮಪ್ಪನಿಗೆ ಯಾವ ಎದೆನೋವೂ ಬಂದಿಲ್ಲ. ನಾನು ಓದದೇ ಫೇಲಾದೆ, ಅಷ್ಟೇ."

"ಅಂದ್ರೆ ನಮ್ಮನ್ನ ಅಳಿಸೋಕೆ ಸುಳ್ಳು ಕಥೆ ಕಟ್ಟಿದೆ" ಎಂದರು ಫೋರ್‌ಮನ್.

ಮಗಳು ಅಪ್ಪನ ಕಡೆ ನೋಡಿದಳು. ಒಂದು ತಿಂಗಳಿಂದ ಅವಳು ಅವರ ಮುಖ ನೋಡಿರಲಿಲ್ಲ. ಈಗ ನೋಡಿದ್ದು, ನೀವಾದರೂ ಹೇಳಿ ಎಂದು.

ಅಪ್ಪನ ಸ್ಥಿತಿ ಏನು ಹೇಳೋಣ? ಮೊದಲ ಸಾಲು ಕಿವಿಗೆ ಬಿದ್ದಾಗಲೇ ಅವರಿಗೆ ಎಲ್ಲ ಅರ್ಥವಾಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಬಿ.ಎ. ಉಳಿಯುತ್ತದೆ, ಮಾವನ ಮುಂದೆ ತಲೆ ಉಳಿಯುತ್ತದೆ, ಕಾಯಂ ಹುದ್ದೆಯೂ ಹೇಗೋ ಉಳಿದೀತು. ಮಗಳು ಮಾತ್ರ ಬೀದಿಯ ನಡುವೆ ಕಳ್ಳಿಯಾಗಿ ನಿಲ್ಲುತ್ತಾಳೆ. ಬಾಯಿ ಬಿಟ್ಟರೆ ಇಪ್ಪತ್ತನಾಲ್ಕು ವರ್ಷ ಮಣ್ಣುಪಾಲು.

"ಅದು ನಾನು" ಎಂದರು.

"ನೀವೇ ಬರೆದುಕೊಟ್ಟಿರಾ?" ಎಂದರು ನಿರ್ದೇಶಕರು.

"ಬರೆದುಕೊಟ್ಟದ್ದಲ್ಲ ಸಾರ್. ಫೇಲಾದವನು ನಾನು. ಅದು ಬೋರ್ಡಿಗೆ ಅಂತ ತುಂಬಿದ ಮಾದರಿ ಅರ್ಜಿ. ಪೆಟ್ಟಿಗೆಗೆ ಹೇಗೆ ಬಂತೋ ದೇವರಿಗೇ ಗೊತ್ತು. ನನಗೆ ಇತಿಹಾಸದ ಪೇಪರು ಬಾಕಿ ಇದೆ. ನಾನು ಬಿ.ಎ. ಅಲ್ಲ."

ಮೇಡಂ ಲಕೋಟೆ ಹರಿದರು. ಒಳಗಿದ್ದದ್ದು ಡಿಗ್ರಿಯವರ ಹೆಸರೇ. ಎದುರು ಮನೆಯ ಅಜ್ಜಿ ಕೈಯಲ್ಲಿದ್ದ ಚೊಂಬು ಕೆಳಗೆ ಬಿಟ್ಟಳು, ಅದು ಉರುಳಿಕೊಂಡು ಹೋಗಿ ಚರಂಡಿಗೆ ಬೀಳುವವರೆಗೂ ಅದರ ಸದ್ದೊಂದೇ ಕೇಳುತ್ತಿತ್ತು.

"ಹಾಗಾದ್ರೆ ನಾನು ಮದುವೆಯಾದದ್ದು ಯಾರನ್ನ?" ಎಂದಳು ಹೆಂಡತಿ.

"ನನ್ನನ್ನೇ ಕಣೇ..."

"ನೀವು ಬಿ.ಎ. ಅಲ್ವಲ್ಲ!"

"ಎಂಟು ವರ್ಷದಿಂದ ನನ್ನ ಮಗನ ಅರ್ಜಿಗಳನ್ನೆಲ್ಲ ಇವರ ಕೈಲೇ ತುಂಬಿಸ್ತಿದ್ದೀನಲ್ಲಪ್ಪಾ!" ಎಂದು ಟೈಲರ್ ತಲೆ ಚಚ್ಚಿಕೊಂಡ. "ಅದಕ್ಕೇ ಒಂದೂ ಕೆಲಸ ಸಿಗಲಿಲ್ಲ!" ಮಗನೂ ಬಲವಾಗಿ ತಲೆಯಾಡಿಸಿದ. ಅವನಿಗೆ ಅಂದು ಮಹದುಪಕಾರವಾಯಿತು.

ಮಾವನವರು ಕೋಟಿನ ಗುಂಡಿ ಹಾಕಿಕೊಂಡರು. ಒಂದೊಂದೇ ಮೆಟ್ಟಿಲು ಇಳಿದು ಬಂದರು. ಡಿಗ್ರಿಯವರು ಕಣ್ಣು ಮುಚ್ಚಿದರು.

"ಯಾವ ಪೇಪರು ಅಂದ್ರಿ?"

"ಇತಿಹಾಸ ಮಾವ. ಎರಡನೇ ಪತ್ರಿಕೆ."

"ಮೂವತ್ತಾರು ವರ್ಷ ನಾನು ಪಾಠ ಮಾಡಿದ್ದು ಇತಿಹಾಸ" ಎಂದರು ಮಾವ. "ಇಪ್ಪತ್ತೆರಡು ವರ್ಷದಿಂದ ಒಂದೇ ಮನೇಲಿ ಉಣ್ತಾ ಇದ್ದೀವಿ. ಬೇರೆ ಯಾರ ಹತ್ರ ಬೇಡ, ನನ್ನ ಹತ್ರ ಒಂದು ಮಾತು ಕೇಳಬಾರದಿತ್ತೇನ್ರೀ? ಆರು ತಿಂಗಳಲ್ಲಿ ಪಾಸ್ ಮಾಡಿಸ್ತಿದ್ದೆನಲ್ಲ!"

ಬೈಗುಳಕ್ಕೆ ಸಿದ್ಧರಾಗಿ ನಿಂತಿದ್ದ ಡಿಗ್ರಿಯವರಿಗೆ ಇದನ್ನು ತಡೆಯಲಾಗಲಿಲ್ಲ. ಬೀದಿಯಲ್ಲೇ ಗಳಗಳ ಅತ್ತುಬಿಟ್ಟರು.

ಫೋಟೋಗ್ರಾಫರ್ ಯಾರನ್ನು ಹಿಡಿಯಬೇಕೆಂದು ತಿಳಿಯದೆ ಫೋರ್‌ಮನ್ ಬಾಯಿ ತೆರೆದುಕೊಂಡಿದ್ದ ಒಂದು ಚಿತ್ರ ತೆಗೆದ. ಮರುದಿನ ಪತ್ರಿಕೆಯಲ್ಲಿ ಬಂದದ್ದು ಅದೇ.

ನಿರ್ದೇಶಕರು ಮೆಟ್ಟಿಲ ಮೇಲೇ ಕೂತುಬಿಟ್ಟರು. "ನಿಯಮ ನೀವೇ ಬರೆದದ್ದಲ್ವೇನ್ರೀ? ಆಯ್ಕೆಯಾದ ಮೇಲೆ ವಯಸ್ಸು, ರೂಪ ನೋಡಿ ಯಾರನ್ನೂ ಕೈಬಿಡೋ ಹಾಗಿಲ್ಲ. ಈಗ ನಾನು ನಿಮ್ಮನ್ನ ತರಬೇತಿಗೆ ಸೇರಿಸ್ಕೊಳ್ಳಲಾ?"

"ಬೇಡಿ ಸಾರ್. ಅದು ಮಕ್ಕಳ ಜಾಗ. ಎಂಟನೆಯದಾಗಿ ನಿಂತ ಮಗೂಗೆ ಕೊಡಿ. ಅದು ಯಾರು ಅಂತ ನನಗೆ ಈಗಲೂ ಗೊತ್ತಿಲ್ಲ, ನೋಡಿ, ನನ್ನ ಮಗಳಂತೂ ಅಲ್ಲ." ಮೂಗೊರೆಸಿಕೊಂಡರು. "ನನ್ನ ಹುದ್ದೇನೂ ವಾಪಸ್ ತಗೊಳ್ಳಿ. ಪದವಿ ಇದೆಯಾ ಅಂತ ಕೇಳಿದಾಗ ನಾನು ಕೆಮ್ಮಿದ್ದು ಶೀತಕ್ಕಲ್ಲ."

ನಿರ್ದೇಶಕರು ಮೆಟ್ಟಿಲಿಂದ ಎದ್ದರು. "ಹುದ್ದೆ ವಾಪಸ್ ತಗೊಂಡೆ. ಕೆಲಸ ವಾಪಸ್ ತಗೊಳ್ಳಲ್ಲ. ಪಾಸ್ ಮಾಡಿಕೊಂಡು ಬನ್ನಿ, ಆಮೇಲೆ ಹುದ್ದೆ ಮಾತು. ಅಲ್ಲಿವರೆಗೂ ಹಾಜರಿ ಗುಮಾಸ್ತೆಯಾಗೇ ಎಲ್ಲಾ ನೋಡ್ಕೊಳ್ಳಿ." ವ್ಯಾನು ಹತ್ತುವಾಗ ಫೋರ್‌ಮನ್ ಏನೋ ಗೊಣಗಿದರು. ಫೋರ್‌ಮನ್ ಕಾಲನ್ನು ಮೇಡಂ ತುಳಿದರು ಎಂದು ಡ್ರೈವರ್ ಆಮೇಲೆ ಹೇಳಿದ.

ಮಧ್ಯಾಹ್ನವಾಯಿತು. ಹೆಂಡತಿ ಪಾತ್ರೆಗಳ ಮೂಲಕ ಮಾತಾಡುತ್ತಿದ್ದಳು. ಮಾವನವರು ಅಟ್ಟದಿಂದ ಹಳೆಯ ಪುಸ್ತಕಗಳ ಗಂಟು ಇಳಿಸಿ ಧೂಳು ಕೊಡವುತ್ತಿದ್ದರು. ಆ ಧೂಳಿನ ಪ್ರಮಾಣ ನೋಡಿಯೇ ಅಳಿಯನ ಎದೆ ಧಸಕ್ಕೆಂದಿತು. ಆಗ ಕೋಣೆಯ ಬಾಗಿಲು ತೆರೆಯಿತು. ಮಗಳು ಎರಡು ಪರೀಕ್ಷಾ ಅರ್ಜಿ ಹಿಡಿದು ಬಂದು ಅಪ್ಪನ ಎದುರು ಕೂತಳು.

"ನಿಮ್ಮದೂ ತುಂಬ್ತೀನಿ, ಕೊಡಿ ವಿವರ. ನೀವೇ ತುಂಬಿದ್ರೆ ಎಲ್ಲಿಗೆ ಹೋಗಿ ಸೇರುತ್ತೋ" ಎಂದಳು.

ಅಪ್ಪನ ಅರ್ಜಿ ಮುಗಿಯಿತು. ತನ್ನದನ್ನು ತುಂಬತೊಡಗಿದಳು. ಹೆಸರು, ವಿಳಾಸ, ವಿಷಯ ಎಲ್ಲ ಸರಸರ ಬರೆದವಳು ಒಂದು ಕಡೆ ಪೆನ್ನೆತ್ತಿ ನಿಲ್ಲಿಸಿದಳು. ಅಪ್ಪ ಬಗ್ಗಿ ನೋಡಿದರು. 'ತಂದೆಯ ವಿದ್ಯಾರ್ಹತೆ' ಎಂದಿತ್ತು. ಒಂದನೇ ತರಗತಿಯಿಂದ ಇಲ್ಲಿಯವರೆಗೆ ಅವಳ ಎಷ್ಟು ಅರ್ಜಿಗಳಲ್ಲಿ ಆ ಜಾಗವನ್ನು ಅವರು ತಮ್ಮ ಕೈಯಾರೆ ತುಂಬಿದ್ದರೋ!

"ಏನು ಬರೀಲಿ ಅಪ್ಪಾ?" ಎಂದಳು ಮೆಲ್ಲಗೆ.

"ಒಂದು ಪೇಪರು ಬಾಕಿ ಅಂತ ಬರಿ."

ಅವಳು ಹಾಗೇ ಬರೆದಳು. ಜಾಗ ಸಾಲದೆ ಅಕ್ಷರಗಳು ಪಕ್ಕದ ಅಂಕಣಕ್ಕೂ ಹೋದವು. ಆಮೇಲೆ ಕಾಗದವನ್ನು ಅವರ ಕಡೆಗೆ ತಿರುಗಿಸಿ, ಸಹಿ ಮಾಡಿ ಅಂದಳು.